ಮಳೆನಾಡಿನ ರೇಂಜ್‌ಫೈಂಡರ್‌ಗೆ ಹಳೆಯ ವೈಡ್ ಲೆನ್ಸ್: ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು

ರೇಂಜ್‌ಫೈಂಡರ್ ಫಿಲ್ಮ್ ಕ್ಯಾಮೆರಾಕ್ಕೆ ಹಳೆಯ ವೈಡ್ ಲೆನ್ಸ್ ಆರಿಸುವಾಗ ಅರ್ಧ ತೀರ್ಮಾನ ಕ್ಯಾಮೆರಾದ ವ್ಯೂಫೈಂಡರಿನದು, ಉಳಿದರ್ಧ ನಮ್ಮ ಕಾಸರಗೋಡಿನ ಮಳೆಗಾಲದ್ದು. ರೇಂಜ್‌ಫೈಂಡರ್ ಎಂದರೆ ಲೆನ್ಸಿನಿಂದ ಬೇರೆಯಾದ ಕಿಂಡಿಯಲ್ಲಿ (ಅದೇ ವ್ಯೂಫೈಂಡರ್) ನೋಡಿ, ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ಕ್ಯಾಮೆರಾ. ಲೆನ್ಸಿನ ಹೆಸರು, ಎಫ್ ಸಂಖ್ಯೆ (ಇದು ಸಣ್ಣದಾದಷ್ಟೂ ಲೆನ್ಸು ಹೆಚ್ಚು ತೆರೆದು ಹೆಚ್ಚು ಬೆಳಕು ಬಿಡುತ್ತದೆ), ಕ್ರೋಮಿನ ಹೊಳಪು ಇವೆಲ್ಲ ಆಮೇಲಿನ ಮಾತು. ಮಂಜೇಶ್ವರ, ಕುಂಬಳೆಯ ಕಡಲಬದಿಯಿರಲಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟಗಳ ನಡುವಿರಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ನಾಡು ಇದು. ಒಣ ಹವೆಯ ಊರುಗಳಲ್ಲಿ ಕುಳಿತವರು ಬರೆದ ಹೊಗಳಿಕೆಯನ್ನು ನಂಬಿ 60 ವರ್ಷ ಹಳೆಯ ಗಾಜನ್ನು ಇಲ್ಲಿಗೆ ತರಿಸಿಕೊಂಡರೆ ಎರಡನೆಯ ಮಳೆಗಾಲದಲ್ಲೇ ಅದರ ಬಣ್ಣ ಬಯಲಾಗುತ್ತದೆ.

ಇಲ್ಲಿ ತೂಗಿ ನೋಡಿರುವುದು 39 ಮಿ.ಮೀ. ತಿರುಪು ಮೌಂಟಿನ, ಅಂದರೆ ಬಾಡಿಗೆ ತಿರುಗಿಸಿ ಕೂರಿಸುವ, ಲೆನ್ಸುಗಳನ್ನು. ಲೈಕಾದ ಹಳೆಯ ತಿರುಪು ಬಾಡಿಗಳು, ಕ್ಯಾನನ್ ಪಿ ಮತ್ತು ಕ್ಯಾನನ್ 7, ಸೋವಿಯತ್ ಕಾಲದ ಜೋರ್ಕಿ ಮತ್ತು ಫೆಡ್ ಇವೆಲ್ಲಕ್ಕೂ ಇದೇ ಮೌಂಟ್. ಅಡಾಪ್ಟರ್ ಹಾಕಿದರೆ ಲೈಕಾ ಎಂ ಬಾಡಿಗೂ ಕೂರುತ್ತದೆ. ಎಂ ಮೌಂಟಿನಲ್ಲೇ ಬಂದ ಒಂದೆರಡು ಲೆನ್ಸಿನ ಮಾತೂ ನಡುವೆ ಬರುತ್ತದೆ.

ಎಷ್ಟು ಅಗಲ ಬೇಕು

35 ಮಿ.ಮೀ. ಲೆನ್ಸು 3 ಮೀಟರ್ ದೂರದಲ್ಲಿ ಸುಮಾರು 3.1 ಮೀಟರ್ ಅಗಲವನ್ನು ಹಿಡಿಯುತ್ತದೆ. 28 ಮಿ.ಮೀ. ಆದರೆ 3.9 ಮೀಟರ್, 21 ಮಿ.ಮೀ. ಆದರೆ 5.1 ಮೀಟರ್. ಕಾಗದದ ಮೇಲೆ ಸಣ್ಣದಾಗಿ ಕಾಣುವ ಈ ವ್ಯತ್ಯಾಸ ಜಾಗಕ್ಕೆ ಹೋದಾಗ ದೊಡ್ಡದು. ಹಂಚಿನ ಮನೆಯ ಜಗಲಿ, ಅಡಿಕೆ ಹರಡಿದ ಅಂಗಳ, ಪೇಟೆಯ ಅಂಗಡಿಸಾಲು, ಬೇಕಲ ಕೋಟೆಯ ಒಳಬಯಲು ಇಲ್ಲೆಲ್ಲ 35 ಸಾಕು, ಹಿಂದೆ ಸರಿಯಲು ಜಾಗವಿರುತ್ತದೆ. ಯಕ್ಷಗಾನದ ಚೌಕಿಯಲ್ಲಿ ಹಾಗಲ್ಲ. ಸಾಲಾಗಿ ಕುಳಿತು ಮುಖವರ್ಣಿಕೆ ಮಾಡಿಕೊಳ್ಳುವವರ ಎದುರು ಎರಡು ಮೀಟರ್ ಹಿಂದೆ ಹೋದರೆ ಬೆನ್ನಿಗೆ ವೇಷದ ಪೆಟ್ಟಿಗೆ ತಾಗುತ್ತದೆ. ಆ ದೂರದಲ್ಲಿ 35ಕ್ಕೆ ಸಿಗುವುದು ಎರಡು ಮೀಟರ್ ಅಗಲ, 28ಕ್ಕೆ ಎರಡೂವರೆ ಮೀಟರ್. ಎಡಬಲದಲ್ಲಿ ಇನ್ನೊಬ್ಬರು ಚೌಕಟ್ಟಿನೊಳಗೆ ಬರುವುದು, ಬಾರದಿರುವುದು ಇಷ್ಟರಲ್ಲೇ ನಿರ್ಧಾರವಾಗುತ್ತದೆ.

ಮುರಕಲ್ಲು ಕೊರೆದ ನೀರಿನ ಸುರಂಗಗಳು ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಒಳನಾಡಿನ ವಿಶೇಷ. ಅದರ ಬಾಯಿ, ಒಳಗಿನ ಇಕ್ಕಟ್ಟು, ಹೊರಗೆ ನೀರು ತುಂಬುವ ಮದಕ ಮೂರೂ ಒಂದೇ ಚಿತ್ರದಲ್ಲಿ ಬೇಕೆಂದರೆ 28ರಷ್ಟಾದರೂ ಅಗಲದ ಲೆನ್ಸು ಬೇಕು. ತೆಯ್ಯಂ, ಕೋಲಗಳಿಗೆ ಮಾತ್ರ 35 ಒಳ್ಳೆಯದು. 28 ಹಿಡಿದರೆ ವೇಷ ತುಂಬಿಕೊಳ್ಳಲು ಬೆಂಕಿಗೂ ಮುಡಿಗೂ ತೀರ ಹತ್ತಿರ ಹೋಗಬೇಕಾಗುತ್ತದೆ. ಅದು ಅಪಾಯ, ಆಚರಣೆಗೂ ಅಡ್ಡಿ. 28 ಮತ್ತು 21ರಲ್ಲಿ ಚೌಕಟ್ಟಿನ ಅಂಚಿಗೆ ಬಂದ ಮುಖ, ಕಿರೀಟ ಹೊರಕ್ಕೆ ಎಳೆದಂತೆ ಹಿಗ್ಗುತ್ತದೆ. ಇದು ಲೆನ್ಸಿನ ದೋಷವಲ್ಲ, ಅಗಲ ಕೋನವನ್ನು ಚಪ್ಪಟೆ ಫಿಲ್ಮಿನ ಮೇಲೆ ಹರಡಿದ್ದರ ಫಲ. ಎಷ್ಟೇ ದುಬಾರಿ ಲೆನ್ಸು ಕೊಂಡರೂ ಇದು ತಪ್ಪುವುದಿಲ್ಲ. ಮುಖಗಳನ್ನು ಅಂಚಿನಿಂದ ಒಳಗಿಡುವುದೊಂದೇ ದಾರಿ.

ಒಂದೇ ವೈಡ್ ಲೆನ್ಸ್ ಕೊಳ್ಳುವವರಿಗೆ 35 ಎಂದೇ ನಮ್ಮ ಮತ. ಅದಕ್ಕೆ ಇನ್ನೊಂದು ಬಲವಾದ ಕಾರಣ ವ್ಯೂಫೈಂಡರ್.

ಕಿಂಡಿಯಲ್ಲಿ ಕಾಣದ್ದನ್ನು ಕೊಳ್ಳಬೇಡಿ

ರಿಫ್ಲೆಕ್ಸ್ ಕ್ಯಾಮೆರಾದಲ್ಲಿ ಲೆನ್ಸು ಬದಲಾದರೆ ಕಾಣುವುದೂ ಬದಲಾಗುತ್ತದೆ. ರೇಂಜ್‌ಫೈಂಡರಿನಲ್ಲಿ ಕಿಂಡಿ ಬೇರೆ, ಲೆನ್ಸು ಬೇರೆ. ಹಳೆಯ ತಿರುಪು ಲೈಕಾ, ಜೋರ್ಕಿ, ಫೆಡ್ ಇವುಗಳ ಕಿಂಡಿ 50 ಮಿ.ಮೀ. ಲೆನ್ಸಿಗೆಂದು ಮಾಡಿದ್ದು. 35 ಹಾಕಿದರೂ ಮೇಲೆ ಬೇರೆ ಫೈಂಡರ್ ಕೂರಿಸಬೇಕು. 1954ರ ಲೈಕಾ ಎಂ3ರ ಕಿಂಡಿಯಲ್ಲಿ 50, 90, 135ರ ಚೌಕಟ್ಟು ತೋರಿಸುವ ಗೆರೆಗಳಿವೆ, 35ರದ್ದಿಲ್ಲ. ಎಂ2ರಲ್ಲಿ 35, 50, 90 ಇವೆ. 1959ರ ಕ್ಯಾನನ್ ಪಿಯಲ್ಲಿ 35, 50, 100 ಮೂರೂ ಗೆರೆಗಳು ಯಾವಾಗಲೂ ಕಾಣುತ್ತವೆ. ಆದರೆ ಕಿಂಡಿಯ ಬಿಂಬ ಕಣ್ಣಿಗೆ ಕಾಣುವಷ್ಟೇ ದೊಡ್ಡದಾದ್ದರಿಂದ 35ರ ಗೆರೆ ತೀರ ಅಂಚಿನಲ್ಲಿದೆ. ಕನ್ನಡಕ ಹಾಕಿದವರಿಗೆ ನಾಲ್ಕು ಬದಿಯೂ ಒಮ್ಮೆಗೇ ಕಾಣುವುದಿಲ್ಲ. 1961ರ ಕ್ಯಾನನ್ 7ರಲ್ಲಿ ಗೆರೆಗಳನ್ನು ಬದಲಿಸಿಕೊಳ್ಳಬಹುದು, 35 ಚೆನ್ನಾಗಿ ಕಾಣುತ್ತದೆ. ಅದರ ಕೊರತೆ ಎಂದರೆ ತಲೆಯ ಮೇಲೆ ಫೈಂಡರ್ ಸಿಕ್ಕಿಸುವ ಷೂ ಇಲ್ಲ. ಕ್ಯಾನನ್ 7 ಇಟ್ಟುಕೊಂಡು 28 ಕೊಂಡರೆ ಚೌಕಟ್ಟನ್ನು ಅಂದಾಜಿನಲ್ಲೇ ಕಟ್ಟಬೇಕು. ಆ ಬಾಡಿಯವರು 35ಕ್ಕೇ ನಿಲ್ಲುವುದು ಲೇಸು.

ಎಂ3 ಇದ್ದವರಿಗಾಗಿ ಲೈಕಾ ತಯಾರಿಸುತ್ತಿದ್ದ ಲೈಟ್ಸ್ ಕಂಪನಿ ಮುಂದೆ ಜೋಡಿಗಾಜು ಕಟ್ಟಿದ 35 ಮಿ.ಮೀ. ಲೆನ್ಸುಗಳನ್ನು ಮಾಡಿತ್ತು. ಆ ಕನ್ನಡಕ ಕ್ಯಾಮೆರಾದ ಕಿಂಡಿಗಳ ಮುಂದೆ ಬಂದು, 50ರ ಗೆರೆಯೊಳಗೆ 35ರ ನೋಟವನ್ನು ತುಂಬುತ್ತದೆ. ಕನ್ನಡಕವಿಲ್ಲದ ಪ್ರತಿಗಿಂತ ಇವು ಸಾಮಾನ್ಯವಾಗಿ ಅಗ್ಗ. ಎಂ3ಕ್ಕೆ ಒಳ್ಳೆಯ ಆಯ್ಕೆಯೇ. ಕೊಳ್ಳುವ ಮೊದಲು ಕನ್ನಡಕದ ಗಾಜಿನೊಳಗೂ ಟಾರ್ಚ್ ಹಾಕಿ ನೋಡಿ, ಅಲ್ಲೂ ಮಂಜು ಕೂರುತ್ತದೆ. ಕೆಳಗೆ ಬಿದ್ದು ಕನ್ನಡಕ ಕೂದಲೆಳೆಯಷ್ಟು ವಾಲಿದ್ದರೂ ರೇಂಜ್‌ಫೈಂಡರಿನ ಎರಡು ಬಿಂಬಗಳು ಮೇಲೆ-ಕೆಳಗೆ ಸರಿದು ಕಾಣುತ್ತವೆ. ಎಂ2ಗೆ ಇದನ್ನು ಕೊಳ್ಳಬೇಡಿ, ಅಲ್ಲಿ ಅದರ ಅಗತ್ಯವೇ ಇಲ್ಲ.

ಹೊರಗಿನ ಫೈಂಡರುಗಳ ಪೈಕಿ ಸೋವಿಯತ್ ಕಾಲದ ತಿರುಗುವ ಫೈಂಡರ್ ಒಂದರಲ್ಲೇ 28, 35, 50, 85, 135 ಐದೂ ನೋಟಗಳಿವೆ. ದಪ್ಪ, ಭಾರ, ನೋಡಲು ಚೆಂದವೂ ಅಲ್ಲ. ಆದರೂ ಹಣಕ್ಕೆ ಇದಕ್ಕಿಂತ ಉಪಯೋಗದ ವಸ್ತು ಇನ್ನೊಂದಿಲ್ಲ. ಹತ್ತಿರದ ವಸ್ತುವಿಗೆ ಫೈಂಡರಿನ ನೋಟಕ್ಕೂ ಲೆನ್ಸಿನ ನೋಟಕ್ಕೂ ಬರುವ ವಾರೆಯನ್ನು ಸರಿಪಡಿಸುವ ಸಣ್ಣ ಸನ್ನೆಕೋಲೂ ಅದರಲ್ಲಿದೆ. ಲೈಟ್ಸ್ ಕಂಪನಿಯ 28 ಮತ್ತು 21ರ ಫೈಂಡರುಗಳು ಬಹಳ ಸ್ವಚ್ಛ, ಬೆಲೆ ಮಾತ್ರ ಕೆಲವೊಮ್ಮೆ ಲೆನ್ಸಿಗೆ ಸಮ. 28 ಕೊಳ್ಳುವವರು ಲೆನ್ಸಿನ ಬೆಲೆ, ಫೈಂಡರಿನ ಬೆಲೆ, ವಿದೇಶದಿಂದ ತರಿಸುವುದಾದರೆ ಎರಡರ ಮೇಲಿನ ಸುಂಕ, ಇಷ್ಟನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು.

ಲೆನ್ಸುಗಳು ಒಂದೊಂದಾಗಿ

ಜುಪಿಟರ್-12, 35 ಮಿ.ಮೀ. ಎಫ್ 2.8. ಎರಡನೆಯ ಮಹಾಯುದ್ಧಕ್ಕೆ ಮೊದಲು ಝೈಸ್ ಕಂಪನಿಯಲ್ಲಿ ಲುಡ್ವಿಗ್ ಬರ್ಟೆಲೆ ರೂಪಿಸಿದ ಬಯೋಗಾನ್‌ನ ಸೋವಿಯತ್ ರೂಪ. ಗೆರೆಗಳು ಬಾಗುವುದು ಬಹಳ ಕಡಿಮೆ, ನಡುಭಾಗ ಎಫ್ 2.8ರಲ್ಲೇ ಚೂಪು. ಎಫ್ 5.6ಕ್ಕೆ ಮೂಲೆಗಳೂ ಹತ್ತಿರ ಬರುತ್ತವೆ. ಈ ಬೆಲೆಗೆ ಇಂಥ ಚಿತ್ರ ಕೊಡುವ ಬೇರೆ 35 ತಿರುಪು ಮೌಂಟಿನಲ್ಲಿಲ್ಲ. ತೊಂದರೆಯಿರುವುದು ಅದರ ಬೆನ್ನಿನಲ್ಲಿ. ಹಿಂದಿನ ಗಾಜು ದೊಡ್ಡ ಗುಂಡಾಗಿ ಹೊರಚಾಚಿದೆ, ಬಾಡಿಯೊಳಗೆ ಶಟರಿನ ಸಮೀಪಕ್ಕೆ ಹೋಗುತ್ತದೆ. ಮೀಟರಿನ ತೋಳು ಶಟರಿನ ಮುಂದೆ ಏಳುವ ಲೈಕಾ ಎಂ5 ಮತ್ತು ಲೈಕಾ ಸಿಎಲ್‌ಗೆ ಇದನ್ನು ಹಾಕಲೇಬಾರದು. ಒಳಗೆ ಬೆಳಕು ತಡೆಯುವ ಚೌಕಟ್ಟು ಇರುವ ಬಾಡಿಗಳಲ್ಲೂ ತಾಗುವ ಸಂಭವವಿದೆ. ಪರೀಕ್ಷಿಸುವ ಕ್ರಮ ಹೀಗೆ: ಫೋಕಸನ್ನು 1 ಮೀಟರಿಗೆ ತಂದರೆ ಹಿಂದಿನ ಗಾಜು ಮುಂದಕ್ಕೆ ಬರುತ್ತದೆ, ಆ ಸ್ಥಿತಿಯಲ್ಲಿ ಲೆನ್ಸನ್ನು ತಿರುಗಿಸಿ ಕೂರಿಸಿ. ಆಮೇಲೆ ಫೋಕಸನ್ನು ಅನಂತದ (ತೀರ ದೂರದ ಗುರುತಿನ) ಕಡೆಗೆ ನಿಧಾನ ತಿರುಗಿಸಿ. ಸ್ವಲ್ಪ ಅಡ್ಡಿಯಾದರೂ ಅಲ್ಲಿಗೇ ನಿಲ್ಲಿಸಿ, ಬಲ ಹಾಕಬೇಡಿ.

ಇದೇ ಚಾಚಿದ ಗಾಜಿಗೆ ಸಾಮಾನ್ಯ ಹಿಂಮುಚ್ಚಳ ಹಿಡಿಯುವುದಿಲ್ಲ, ಆಳದ ಮುಚ್ಚಳವೇ ಬೇಕು. ಅದಿಲ್ಲದೆ ಬಂದ ಲೆನ್ಸಿನ ಹಿಂದಿನ ಗಾಜಿನ ನಡುವೆ ಗೀರು ಇರುವುದು ಸಾಮಾನ್ಯ. ಹಿಂದಿನ ಗಾಜಿನ ಗೀರು ಚಿತ್ರವನ್ನು ಮುಂದಿನದಕ್ಕಿಂತ ಹೆಚ್ಚು ಕೆಡಿಸುತ್ತದೆ, ರಿಯಾಯಿತಿ ಕೊಟ್ಟರೂ ಅದು ಬೇಡ. ಬೆಳಕಿನ ಕಂಡಿಯನ್ನು ಕಿರಿದು-ಹಿರಿದು ಮಾಡುವ ಅಪರ್ಚರ್ ಉಂಗುರ ಮುಂದಿನ ಗಾಜಿನ ಸುತ್ತ ಒಳಗೆ ಹುದುಗಿದೆ, ಕ್ಲಿಕ್ ಇಲ್ಲ. 40.5 ಮಿ.ಮೀ. ಫಿಲ್ಟರ್ ಹಾಕಿದ ಮೇಲೆ ಅದನ್ನು ಹೊಂದಿಸುವುದು ತೊಡಕಿನ ಕೆಲಸ. ಇದೇ ಲೆನ್ಸು ಕೀವ್ ಮತ್ತು ಕಾಂಟ್ಯಾಕ್ಸ್ ಕ್ಯಾಮೆರಾಗಳ ಮೌಂಟಿನಲ್ಲೂ ಬಂದಿದೆ. ಅದು ತಿರುಪಿನದ್ದಲ್ಲ, ಮಾರುವವರ ಚಿತ್ರದಲ್ಲಿ ಹಿಂಬದಿ ಕಾಣದಿದ್ದರೆ ಕೇಳಿ ತರಿಸಿಕೊಳ್ಳಿ.

ಸೋವಿಯತ್ ಲೆನ್ಸುಗಳ ನಡುವೆ ಇನ್ನೊಂದು ಬಲೆಯಿದೆ. ಮಿರ್-1, 37 ಮಿ.ಮೀ. ಎಫ್ 2.8, 1958ರ ಬ್ರಸೆಲ್ಸ್ ಪ್ರಶಸ್ತಿಯ ಮಾತನ್ನು ಮೈಮೇಲೆ ಕೆತ್ತಿಸಿಕೊಂಡ ಸುಂದರ ಲೆನ್ಸು. ಅದಕ್ಕೂ 39 ಮಿ.ಮೀ. ತಿರುಪು. ಅದು ಜೆನಿಟ್ ರಿಫ್ಲೆಕ್ಸ್ ಕ್ಯಾಮೆರಾದ್ದು. ಮೌಂಟಿನಿಂದ ಫಿಲ್ಮಿಗೆ ಅಲ್ಲಿ 45.2 ಮಿ.ಮೀ., ರೇಂಜ್‌ಫೈಂಡರಿನಲ್ಲಿ 28.8 ಮಿ.ಮೀ. ತಿರುಪು ಸಲೀಸಾಗಿ ಕೂರುತ್ತದೆ, ಚಿತ್ರ ಮಾತ್ರ ಯಾವ ದೂರದಲ್ಲೂ ಚೂಪಾಗುವುದಿಲ್ಲ. ಹಿಂಬದಿಯಲ್ಲಿ ರೇಂಜ್‌ಫೈಂಡರನ್ನು ತಳ್ಳುವ ಕ್ಯಾಮ್ ಉಂಗುರವೂ ಇಲ್ಲ. ಆ ಉಂಗುರ ಕಾಣದ ಯಾವ 39 ಮಿ.ಮೀ. ಲೆನ್ಸನ್ನೂ ಈ ಕೆಲಸಕ್ಕೆ ಕೊಳ್ಳಬೇಡಿ.

ಕ್ಯಾನನ್ 35 ಮಿ.ಮೀ. ಎಫ್ 2.8. 1951ರದ್ದು, ಮೊದಲ ಪ್ರತಿಗಳ ಮೇಲೆ ಸೆರೆನಾರ್ ಎಂಬ ಹೆಸರಿದೆ. ಕೈಯಲ್ಲಿ ಗಟ್ಟಿ, ಚಿಕ್ಕದು, ಹಿಂದಕ್ಕೆ ಚಾಚಿಲ್ಲ. ಹಾಗಾಗಿ ಬಾಡಿಯ ಒಳಭಾಗಕ್ಕೆ ತಾಗುವ ಭಯವಿಲ್ಲ. ಪೂರ್ತಿ ತೆರೆದಾಗ ಮೂಲೆಗಳು ಮೆದು, ಎಫ್ 5.6ರಿಂದ ಚೌಕಟ್ಟಿನಾದ್ಯಂತ ಸಮ. ಆ ಕಾಲದ ಒಂದೇ ಪದರದ ಕೋಟಿಂಗ್ ಆದ್ದರಿಂದ ಎದುರು ಬೆಳಕಿಗೆ ಹುಡ್ (ಲೆನ್ಸಿನ ಮುಂದೆ ಹಾಕುವ ಬೆಳಕಿನ ಮರೆ) ಬೇಕೇಬೇಕು. ನಮ್ಮ ನಾಡಿಗೆ ಮೊದಲ ಲೆನ್ಸಾಗಿ ಇದನ್ನೇ ಮುಂದಿಡುತ್ತೇವೆ. ಅಪರೂಪದ್ದಲ್ಲವಾದ್ದರಿಂದ ನಾಲ್ಕಾರು ಪ್ರತಿಗಳ ನಡುವೆ ಸ್ವಚ್ಛ ಗಾಜಿನದನ್ನು ಹುಡುಕಿ ಆರಿಸಲು ಸಾಧ್ಯ, ಅದೇ ಇದರ ದೊಡ್ಡ ಗುಣ. ಫಿಲ್ಟರ್ ಅಳತೆ ಆವೃತ್ತಿ ನೋಡಿ 34 ಅಥವಾ 40 ಮಿ.ಮೀ. ಆ 40ಕ್ಕೆ 40.5ರ ಫಿಲ್ಟರ್ ಹಿಡಿಯುವುದಿಲ್ಲ. ಒತ್ತಿ ತಿರುಗಿಸಿದರೆ ಅಲ್ಯುಮಿನಿಯಂ ತಿರುಪು ಹಾಳಾಗುತ್ತದೆ.

ಕ್ಯಾನನ್ 35 ಮಿ.ಮೀ. ಎಫ್ 1.8 1956ರದ್ದು, ಎಫ್ 2 1962ರದ್ದು. ಇವೆರಡರಲ್ಲಿ ಎಫ್ 2 ಸ್ಪಷ್ಟವಾಗಿ ಮೇಲು: ಹಗುರ, ಕಾಂಟ್ರಾಸ್ಟ್ ಹೆಚ್ಚು, ತೆರೆದಾಗಲೂ ನಡುಭಾಗ ಕಡಕ್. ಎಫ್ 1.8ರಲ್ಲಿ ಅಪರ್ಚರಿನ ಪಕ್ಕದ ಗಾಜಿಗೆ ಮಂಜು ಕೂರುವ ದೂರು ಹಳೆಯದು. ಬ್ಲೇಡುಗಳ ಎಣ್ಣೆ ಆವಿಯಾಗಿ ಗಾಜಿನ ಮೇಲೆ ಕೂರುತ್ತದೆ, ವರ್ಷಗಟ್ಟಲೆ ಬಿಟ್ಟರೆ ಗಾಜನ್ನೇ ತಿನ್ನುತ್ತದೆ. ಆಮೇಲೆ ಒರೆಸಿದರೂ ಹೋಗುವುದಿಲ್ಲ. ಸೆಕೆ ಮತ್ತು ತೇವ ಎರಡೂ ಇರುವಲ್ಲಿ ಇದು ಬೇಗ ಮರುಕಳಿಸುತ್ತದೆ. ಎಫ್ 1.8ನ್ನು ಕಾಸರಗೋಡಿಗೆ ನಾವು ಹೇಳುವುದಿಲ್ಲ.

ಎಫ್ 2 ನಿಜವಾಗಿ ಬೇಕೇ ಎಂಬ ಪ್ರಶ್ನೆಯೂ ಇದೆ. ಒಳ್ಳೆಯ ಟ್ಯೂಬ್‌ಲೈಟ್ ಇರುವ ಚೌಕಿಯಲ್ಲಿ 400 ಐಎಸ್ಒ ಫಿಲ್ಮಿಗೆ ಎಫ್ 2.8ರಲ್ಲಿ ಸುಮಾರು 1/30 ಸೆಕೆಂಡ್ ಸಿಗುತ್ತದೆ. 35 ಮಿ.ಮೀ. ಲೆನ್ಸನ್ನು ಆ ವೇಗದಲ್ಲಿ ಕೈಯಲ್ಲೇ ಹಿಡಿಯಬಹುದು. ಎಫ್ 2 ಕೊಡುವುದು ಅದಕ್ಕಿಂತ ಒಂದು ಸ್ಟಾಪ್ ಹೆಚ್ಚು, ಅಂದರೆ ಇಮ್ಮಡಿ ಬೆಳಕು; ಆಗ 1/60 ಸಿಗುತ್ತದೆ. ಬಣ್ಣ ಹಚ್ಚುವ ಕೈ ಅಲುಗಿದ್ದು ಕಾಣಬಾರದೆಂದರೆ ಅದು ಉಪಯೋಗಕ್ಕೆ ಬರುತ್ತದೆ. ರಾತ್ರಿಯ ಆಟ, ಕೋಲಗಳನ್ನೇ ಹೆಚ್ಚಾಗಿ ತೆಗೆಯುವವರು ಎಫ್ 2ಕ್ಕೆ ಹಣ ಹಾಕಬಹುದು. ಹಗಲಿನ ಕೆಲಸದವರು ಆ ಹಣವನ್ನು ತೇವ ಹೀರುವ ಕಪಾಟಿಗೆ ಹಾಕಲಿ.

ಲೈಟ್ಸ್ ಸುಮ್ಮರಾನ್ 35 ಮಿ.ಮೀ. ಎರಡು ಬಗೆ: 1946ರಲ್ಲಿ ಆರಂಭವಾದ ಎಫ್ 3.5, 1958ರಲ್ಲಿ ಬಂದ ಎಫ್ 2.8. ಎಫ್ 3.5 ಮೆಲುಕಾಂಟ್ರಾಸ್ಟಿನ ಲೆನ್ಸು. ಇದು ಇಲ್ಲಿ ಲಾಭವೇ. ಅಡಿಕೆ ತೋಟದ ನಡು ಹಗಲಿನಲ್ಲಿ ಒಂದು ಕಡೆ ಸೋಗೆಯ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆ, ಪಕ್ಕದಲ್ಲೇ ಕಡುನೆರಳು. ಕಪ್ಪುಬಿಳುಪು ಫಿಲ್ಮಿನಲ್ಲಿ ಸುಮ್ಮರಾನ್ ಎಫ್ 3.5 ಆ ನೆರಳಿನೊಳಗಿನ ಕಾಂಡದ ಉಂಗುರಗಳನ್ನೂ ಉಳಿಸಿಕೊಡುತ್ತದೆ. ಎಫ್ 2.8 ಇನ್ನೂ ಚೂಪು, ಕಾಂಟ್ರಾಸ್ಟೂ ಹೆಚ್ಚು, ಬೆಲೆಯೂ ಬಹಳ ಹೆಚ್ಚು. ಚಿತ್ರದ ಗುಣಮಟ್ಟದ ಲೆಕ್ಕದಲ್ಲಿ ಅಷ್ಟು ಅಂತರಕ್ಕೆ ಕಾರಣ ಕಾಣುವುದಿಲ್ಲ. ಎರಡರಲ್ಲೂ ಒಳಮಂಜು ಸಾಮಾನ್ಯ. ಸ್ವಚ್ಛ ಮಾಡಿಸಿದ್ದೆಂದು ಮಾರುವವರು ಹೇಳಿದರೆ ಟಾರ್ಚ್ ಹಾಕಿದ ಚಿತ್ರ ಕೇಳಿ. ಹಳೆಯ ಎಫ್ 3.5ಗೆ ತಿರುಪಿನ ಫಿಲ್ಟರ್ ಇಲ್ಲ, 36 ಮಿ.ಮೀ. ಹೊರಗಿನಿಂದ ಸಿಕ್ಕಿಸುವ ಬಗೆ. ಆಮೇಲಿನವುಗಳಿಗೆ 39 ಮಿ.ಮೀ. ತಿರುಪಿನದು, ಅದು ಸುಲಭವಾಗಿ ಸಿಗುತ್ತದೆ.

28ರಲ್ಲಿ ಕ್ಯಾನನ್ ಎಫ್ 3.5 ನಮ್ಮ ಆಯ್ಕೆ. 1951ರಿಂದ ಬಂದದ್ದು, ಬೆರಳ ತುದಿಯಷ್ಟು ಗಾಜು, ಜೇಬಿಗೆ ಭಾರವೇ ಅನಿಸದ ಮೈ. ಮೂಲೆಗಳು ಎಫ್ 8ರ ತನಕ ಪೂರ್ತಿ ಒಪ್ಪವಾಗುವುದಿಲ್ಲ. 1957ರ ಎಫ್ 2.8 ಅದಕ್ಕಿಂತ ಸ್ವಲ್ಪ ಹೆಚ್ಚು ಬೆಳಕು ಬಿಡುತ್ತದೆ, ಬೆಲೆಯ ಏರಿಕೆಗೆ ತಕ್ಕಷ್ಟು ಲಾಭವಿಲ್ಲ. ಲೈಟ್ಸ್ ಸುಮ್ಮರಾನ್ 28 ಮಿ.ಮೀ. ಎಫ್ 5.6 ಚಿತ್ರದಲ್ಲಿ ಬಹಳ ಚೆಂದ. ಲೈಕಾ ಕಂಪನಿ 2016ರಲ್ಲಿ ಅದನ್ನು ಮತ್ತೆ ಹೊರತಂದದ್ದು ಸುಮ್ಮನೆ ಅಲ್ಲ. ಆದರೆ ಜುಲೈ ತಿಂಗಳ ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿಯುವ ತೋಟದಲ್ಲಿ ಎಫ್ 5.6ರಿಂದ ಆರಂಭಿಸುವುದು ಕಷ್ಟ. 28ರಲ್ಲಿ ರೇಂಜ್‌ಫೈಂಡರ್ ನೋಡದೆಯೂ ಕೆಲಸ ನಡೆಯುತ್ತದೆ: ಎಫ್ 8ರಲ್ಲಿ ದೂರವನ್ನು 3.3 ಮೀಟರಿಗೆ ಇಟ್ಟರೆ 1.65 ಮೀಟರಿನಿಂದ ಅನಂತದ ತನಕ ಚೂಪು. 35ರಲ್ಲಿ ಅದೇ ಎಫ್ 8ಕ್ಕೆ 5.1 ಮೀಟರಿಗೆ ಇಡಬೇಕು, ಹತ್ತಿರದ ಮಿತಿ 2.6 ಮೀಟರ್. ಸುರಂಗದ ಒಳಗಿನ ಕತ್ತಲಲ್ಲಿ ಎರಡು ಬಿಂಬ ಸೇರಿಸುವುದು ಆಗದ ಮಾತು. ಮುಕ್ಕಾಲಿಯ ಮೇಲೆ 28, ಎಫ್ 8, 3.3 ಮೀಟರ್, ಕೇಬಲ್ ರಿಲೀಸ್, ಇಷ್ಟೇ ದಾರಿ.

21 ಮಿ.ಮೀ. ಸೂಪರ್-ಆಂಗುಲಾನ್ ಬಗ್ಗೆ ಎರಡೇ ಮಾತು. ಶ್ನೈಡರ್ ಕಂಪನಿಯ ವಿನ್ಯಾಸ, 1958ರಲ್ಲಿ ಎಫ್ 4, 1963ರಲ್ಲಿ ಎಂ ಮೌಂಟಿಗೆ ಎಫ್ 3.4. ಗೆರೆಗಳು ನೇರ, ಮೂಲೆಗಳು ಕಪ್ಪು. ಮೊದಲ ವೈಡ್ ಲೆನ್ಸಾಗಿ ಬೇಡ.

ಟಾರ್ಚ್ ಹಾಕಿ ನೋಡುವುದು

ಮೊಬೈಲಿನ ಟಾರ್ಚ್ ಸಾಕು. ಅಪರ್ಚರನ್ನು ಪೂರ್ತಿ ತೆರೆದು, ಬೆಳಕನ್ನು ಹಿಂದಿನಿಂದ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಆಮೇಲೆ ತಿರುಗಿಸಿ ಹಿಂದಿನಿಂದ ನೋಡಿ. ನೇರ ಬೆಳಕಿನಲ್ಲಿ ಎಲ್ಲ ಗಾಜೂ ಸ್ವಚ್ಛವೇ ಕಾಣುತ್ತದೆ, ಓರೆ ಬೆಳಕಿನಲ್ಲಿ ಮಾತ್ರ ಗುಟ್ಟು ಹೊರಬೀಳುತ್ತದೆ. ಚುಕ್ಕೆ ಚುಕ್ಕೆ ಧೂಳು ಲೆಕ್ಕಕ್ಕಿಲ್ಲ. ಅಂಚಿನಿಂದ ಒಳಕ್ಕೆ ಕವಲೊಡೆದ ಬಿಳಿ ಎಳೆಗಳಿದ್ದರೆ ಫಂಗಸ್. ಗಾಜಿನ ಮೇಲೆ ಉಸಿರು ಬಿಟ್ಟಂಥ ಸಮನಾದ ಮಸುಕು ಇದ್ದರೆ ಎಣ್ಣೆಯ ಮಂಜು, ತೆಳುವಾಗಿದ್ದರೆ ತೆಗೆಸಬಹುದು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಉಂಗುರ ಅಥವಾ ಗುಳ್ಳೆ ಕಂಡರೆ ಎರಡು ಗಾಜುಗಳ ನಡುವಿನ ಅಂಟು ಬಿಡುತ್ತಿದೆ, ಅದರ ದುರಸ್ತಿ ಲೆನ್ಸಿನ ಬೆಲೆಯನ್ನೇ ಮೀರಬಹುದು. ಮುಂದಿನ ಗಾಜಿನಲ್ಲಿ ಕೂದಲಿನಂಥ ಸಾವಿರ ಗೀರುಗಳಿದ್ದರೆ ಪಂಚೆಯ ತುದಿಯಿಂದಲೋ ಅಂಗಿಯಿಂದಲೋ ಒರೆಸಿದ ಗುರುತು. ಆ ಕಾಲದ ಕೋಟಿಂಗ್ ಮೆದು. ಇಂಥ ಲೆನ್ಸು ಮೋಡದ ದಿನ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಸೂರ್ಯ ಎದುರಾದರೆ ಇಡೀ ಚಿತ್ರ ಬೆಳ್ಳಗಾಗುತ್ತದೆ.

ಫಂಗಸ್ ವಿಚಾರದಲ್ಲಿ ಕರಾವಳಿಯವರು ಉಳಿದವರಿಗಿಂತ ಕಟ್ಟುನಿಟ್ಟಾಗಿರಬೇಕು. ‘ಸ್ವಲ್ಪ ಇದೆ, ಚಿತ್ರಕ್ಕೆ ತೊಂದರೆಯಿಲ್ಲ’ ಎಂಬ ವಿವರಣೆ ಒಣ ಹವೆಯ ಊರಿನಲ್ಲಿ ನಿಜವಿರಬಹುದು, ಅಲ್ಲಿ ಅದು ಮಲಗಿರುತ್ತದೆ. ಶೇ. 65–70ಕ್ಕಿಂತ ಹೆಚ್ಚು ತೇವಾಂಶ ದಿನಗಟ್ಟಲೆ ಸಿಕ್ಕಿದರೆ ಬೆಳೆಯುತ್ತದೆ. ನಮ್ಮ ಮಳೆಗಾಲದಲ್ಲಿ ಸಿಗದ ದಿನವೇ ಅಪರೂಪ. ಬೆಳೆಯುವಾಗ ಬಿಡುವ ಆಮ್ಲ ಕೋಟಿಂಗನ್ನು ಕೊರೆಯುತ್ತದೆ. ಆಮೇಲೆ ಎಷ್ಟು ತೊಳೆದರೂ ಎಳೆಯ ನೆರಳು ಗಾಜಿನಲ್ಲಿ ಉಳಿದೇ ಇರುತ್ತದೆ.

ಫೋಕಸ್ ಉಂಗುರ ತಿರುಗಿಸಿ ನೋಡುವುದೂ ಅಷ್ಟೇ ಮುಖ್ಯ. ಹಳೆಯ ಗ್ರೀಸ್ ಒಣಗಿ ಬಿಗಿಯಾಗಿದ್ದರೆ ತಿರುಪು ಮೌಂಟಿನಲ್ಲಿ ಒಂದು ವಿಚಿತ್ರ ತೊಂದರೆ ಬರುತ್ತದೆ: ಹತ್ತಿರಕ್ಕೆ ಫೋಕಸ್ ಮಾಡಲು ತಿರುಗಿಸಿದಾಗ ಉಂಗುರದ ಬದಲು ಇಡೀ ಲೆನ್ಸೇ ಬಾಡಿಯಿಂದ ಸಡಿಲವಾಗುತ್ತದೆ. ಕಿಂಡಿಯಲ್ಲಿ ಬಿಂಬ ಸರಿದಂತೆ ಕಾಣುತ್ತದೆ, ಚಿತ್ರ ಮಸುಕು. ಬಿಗಿ ಇರುವ ಲೆನ್ಸಿಗೆ ಗ್ರೀಸ್ ಬದಲಿಸುವ ಖರ್ಚನ್ನು ಬೆಲೆಯಲ್ಲೇ ಕಳೆಯಬೇಕು. ಬಿಚ್ಚುವ ಕೆಲಸ ಮನೆಯಲ್ಲಿ ಬೇಡ. ಒಳತಿರುಪಿಗೆ ಹಲವು ಆರಂಭದ ಎಳೆಗಳಿರುತ್ತವೆ, ಬಿಚ್ಚಿದ ಜಾಗ ಗುರುತು ಹಾಕದಿದ್ದರೆ ಮತ್ತೆ ಅದೇ ಎಳೆಗೆ ಕೂರಿಸುವುದು ದಿನವಿಡೀ ಗೋಳು.

ಜೋರ್ಕಿ, ಫೆಡ್ ಇದ್ದವರು ಬಾಡಿಯ ಒಳಗೂ ಒಮ್ಮೆ ನೋಡಬೇಕು. ಲೈಕಾ, ಕ್ಯಾನನ್‌ಗಳಲ್ಲಿ ಲೆನ್ಸಿನ ಕ್ಯಾಮ್ ತಾಗುವುದು ಒಂದು ಸಣ್ಣ ಉರುಳೆಗೆ, ಸೋವಿಯತ್ ಬಾಡಿಗಳಲ್ಲಿ ಬೆಣೆಯಾಕಾರದ ನಾಲಗೆಗೆ. ಪೂರ್ತಿ ಉಂಗುರದ ಕ್ಯಾಮ್ ಇರುವ ಲೆನ್ಸು ಎರಡಕ್ಕೂ ಆಗುತ್ತದೆ.

ಎಂ ಬಾಡಿಗೆ ಹಾಕುವ ಅಡಾಪ್ಟರಿನ ದಪ್ಪ ಸರಿಯಾಗಿ 1 ಮಿ.ಮೀ. ಇರಬೇಕು. ಏಕೆಂದರೆ ತಿರುಪು ಮೌಂಟಿನ ದೂರ 28.8, ಎಂ ಮೌಂಟಿನದು 27.8. ವೈಡ್ ಲೆನ್ಸಿಗೆ ಈ ಅಳತೆಯ ತಪ್ಪು ಬೇಗ ತಾಗುತ್ತದೆ. ಅಡಾಪ್ಟರ್ 0.1 ಮಿ.ಮೀ. ದಪ್ಪವಾದರೆ, ಅನಂತಕ್ಕೆ ಇಟ್ಟ 35 ಮಿ.ಮೀ. ಲೆನ್ಸು ಸುಮಾರು 12 ಮೀಟರಿನಲ್ಲೇ ನಿಲ್ಲುತ್ತದೆ, 28 ಆದರೆ ಸುಮಾರು 8 ಮೀಟರಿನಲ್ಲಿ. ಎಫ್ 8ರಲ್ಲಿ ಇದು ಮುಚ್ಚಿಹೋಗುತ್ತದೆ, ಎಫ್ 2.8ರಲ್ಲಿ ದೂರದ ಗುಡ್ಡ ಮಸುಕಾಗಿ ಸಿಕ್ಕಿಬೀಳುತ್ತದೆ. 35ಕ್ಕೆ 35/135 ಎಂದು ಗುರುತಿರುವುದನ್ನು, 28ಕ್ಕೆ 28/90 ಎಂದಿರುವುದನ್ನು ಕೊಳ್ಳಿ. ಕಿಂಡಿಯಲ್ಲಿ ಯಾವ ಗೆರೆ ಬರಬೇಕೆಂದು ನಿರ್ಧರಿಸುವುದು ಅಡಾಪ್ಟರಿನ ಅಂಚೇ.

ಕೊಂಡ ಮೇಲೆ

ಚರ್ಮದ ಹಳೆಯ ಪೆಟ್ಟಿಗೆಯೊಂದಿಗೆ ಲೆನ್ಸು ಬಂದರೆ ಪೆಟ್ಟಿಗೆಯನ್ನು ಬೇರೆಡೆ ಇಡಿ. ಚರ್ಮ ಬೂಷ್ಟಿನ ತವರು. ಅಡುಗೆಮನೆಯ ಗಾಳಿಯಾಡದ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಇಷ್ಟಿದ್ದರೆ ಒಂದೆರಡು ಲೆನ್ಸಿಗೆ ಸಾಕು. ಮುಳ್ಳು ಶೇ. 40–50ರ ನಡುವೆ ನಿಲ್ಲಬೇಕು. ಅದಕ್ಕಿಂತ ತೀರ ಕೆಳಗಿಳಿದರೆ ಗ್ರೀಸ್ ಒಣಗುತ್ತದೆ. ಜೆಲ್ ಬಣ್ಣ ತಿರುಗಿದಾಗ ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಸಿಮಾಡಿದರೆ ಮೊದಲಿನಂತಾಗುತ್ತದೆ, ತಣಿದ ಮೇಲಷ್ಟೇ ಡಬ್ಬಿಗೆ ಹಾಕಿ. ಅಕ್ಕಿಯಲ್ಲಿ ಹೂತಿಡುವ ಉಪಾಯ ಬೇಡ, ಅದರ ಹುಡಿ ತಿರುಪಿನೊಳಗೆ ಸೇರುತ್ತದೆ. ನುಸಿಗುಳಿಗೆಯನ್ನೂ ಹತ್ತಿರ ಇಡಬೇಡಿ. ಲೆನ್ಸುಗಳು ನಾಲ್ಕು ದಾಟಿದರೆ ವಿದ್ಯುತ್ ಡ್ರೈ ಕ್ಯಾಬಿನೆಟ್ ಕೊಳ್ಳುವುದೇ ಮೇಲು. ಕರೆಂಟು ದಿನವಿಡೀ ಹೋದರೂ ಬಾಗಿಲು ತೆರೆಯದಿದ್ದರೆ ಒಳಗಿನ ಒಣಗು ಬೇಗ ಕೆಡುವುದಿಲ್ಲ.

ಎಸಿ ಕಾರಿನಿಂದ ಇಳಿದ ಕೂಡಲೇ ಚೀಲ ಬಿಚ್ಚಬೇಡಿ. ತಣ್ಣಗಿನ ಗಾಜಿನ ಮೇಲೆ ಹೊರಗಿನ ತೇವ ನೀರಾಗಿ ಕೂರುತ್ತದೆ, ಒಳಗಿನ ಗಾಜಿಗೂ ಕೂರುತ್ತದೆ. ಅರ್ಧ ಗಂಟೆ ಮುಚ್ಚಿದ ಚೀಲದಲ್ಲೇ ಇರಲಿ. ಬೇಕಲದ ಕಡಲಬದಿಯಿಂದ ಬಂದ ಮೇಲೆ ಮೊದಲು ಊದುಬುರುಡೆಯಿಂದ ಮರಳು ಹಾರಿಸಿ, ನಂತರ ಲೋಹದ ಮೈಯನ್ನು ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ಉಪ್ಪು ತೆಗೆಯಿರಿ. ಬಟ್ಟೆಯ ಶಟರ್ ಇರುವ ಲೈಕಾ, ಜೋರ್ಕಿ, ಫೆಡ್‌ಗಳಲ್ಲಿ ಮುಚ್ಚಳ ತೆಗೆದ ಲೆನ್ಸನ್ನು ಸೂರ್ಯನ ಕಡೆ ತಿರುಗಿಸಿ ಜಗಲಿಯ ಮೇಲೆ ಇಟ್ಟುಬಿಟ್ಟರೆ ಪರದೆಗೆ ತೂತು ಬೀಳುತ್ತದೆ. ಕ್ಯಾನನ್ ಪಿ ಮತ್ತು 7ರ ಪರದೆ ಲೋಹದ್ದು, ಸುಡುವುದಿಲ್ಲ, ಆದರೆ ಬೆರಳು ತಾಗಿದರೆ ಸುಕ್ಕುಗಟ್ಟುತ್ತದೆ.

ಫಿಲ್ಮ್ ಹಾಕುವ ಮೊದಲೇ ಒಂದು ಪರೀಕ್ಷೆ ಮಾಡಬಹುದು. ಹಿಂಬಾಗಿಲು ತೆರೆಯುವ ಕ್ಯಾನನ್ ಪಿ, ಕ್ಯಾನನ್ 7, ಜೋರ್ಕಿ-4, ಫೆಡ್-2ರಂಥ ಬಾಡಿಗಳಲ್ಲಿ ಫಿಲ್ಮ್ ಕೂರುವ ಒಳಹಳಿಯ ಮೇಲೆ ಮಬ್ಬು ಅಂಟುಪಟ್ಟಿಯನ್ನು ಬಿಗಿಯಾಗಿ ಎಳೆದು ಅಂಟಿಸಿ. ಶಟರನ್ನು ಬಿ ಸ್ಥಾನದಲ್ಲಿ (ಗುಂಡಿ ಒತ್ತಿರುವಷ್ಟು ಹೊತ್ತೂ ತೆರೆದಿರುವ ಸ್ಥಾನ) ತೆರೆದಿಟ್ಟು, ಅಪರ್ಚರ್ ಪೂರ್ತಿ ತೆರೆದು, ಲೆನ್ಸನ್ನು ಅನಂತಕ್ಕೆ ಇಟ್ಟು ಕಿಲೋಮೀಟರಿಗಿಂತ ದೂರದ ಮೊಬೈಲ್ ಟವರನ್ನು ಭೂತಗನ್ನಡಿಯಿಂದ ನೋಡಿ. ಪೊಸಡಿಗುಂಪೆಯಂಥ ಗುಡ್ಡದ ತಲೆಯಿಂದ ಇದು ಸುಲಭ. ಪಟ್ಟಿಯ ಮೇಲೆ ಟವರಿನ ಸರಳುಗಳು ಚೂಪಾಗಿ, ಕಿಂಡಿಯಲ್ಲೂ ಎರಡು ಬಿಂಬ ಒಂದಾಗಿದ್ದರೆ ಅನಂತ ಸರಿಯಿದೆ.

ಮೊದಲ ರೋಲಿಗೆ ಗಾರೆ ಹಚ್ಚದ ಮುರಕಲ್ಲಿನ ಗೋಡೆಗಿಂತ ಒಳ್ಳೆಯ ಪರೀಕ್ಷಾಫಲಕ ಬೇರೆ ಬೇಡ. ಕಲ್ಲಿನ ಸಾಲುಗಳು ನೇರವಾಗಿರುವುದರಿಂದ ಲೆನ್ಸು ಗೆರೆ ಬಾಗಿಸುತ್ತದೆಯೇ ಎಂದು ತಿಳಿಯುತ್ತದೆ, ಕಲ್ಲಿನ ರಂಧ್ರಗಳಿಂದ ಮೂಲೆಯ ಚೂಪು ತಿಳಿಯುತ್ತದೆ. ಕ್ಯಾಮೆರಾವನ್ನು ಗೋಡೆಗೆ ಸಮಾನಾಂತರವಾಗಿ, ಮುಕ್ಕಾಲಿಯ ಮೇಲೆ, 3 ಮೀಟರಿನಲ್ಲಿ ಇಟ್ಟು ಪೂರ್ತಿ ತೆರೆದದ್ದು, ಎಫ್ 5.6, ಎಫ್ 8 ಮೂರು ಚಿತ್ರ ತೆಗೆಯಿರಿ. ನಾಲ್ಕು ಮೂಲೆಯೂ ಸಮವಾಗಿ ಮೆದುವಾದರೆ ಅದು ಲೆನ್ಸಿನ ಸ್ವಭಾವ. ಒಂದೇ ಮೂಲೆ ಮಸುಕಾದರೆ ಯಾರೋ ಬಿಚ್ಚಿ ಓರೆಯಾಗಿ ಕೂರಿಸಿದ್ದಾರೆ. ಆಮೇಲೆ ಮೇಜಿನ ಮೇಲೆ ಪತ್ರಿಕೆಯನ್ನು ಹರಡಿ, 1 ಮೀಟರಿನಿಂದ ಓರೆಯಾಗಿ, ಪೂರ್ತಿ ತೆರೆದು, ನಡುವಿನ ಒಂದು ಸಾಲಿಗೆ ಫೋಕಸ್ ಮಾಡಿ ತೆಗೆಯಿರಿ. ಸೂರ್ಯ ಚೌಕಟ್ಟಿನ ಸ್ವಲ್ಪ ಹೊರಗಿರುವಂತೆ, ಹುಡ್ ಹಾಕಿ ಒಂದು, ಹಾಕದೆ ಒಂದು.

ಅನಂತದ ಪರೀಕ್ಷೆ ಸರಿಯಾಗಿದ್ದು, ನೆಗೆಟಿವಿನಲ್ಲಿ ಪತ್ರಿಕೆಯ ಬೇರೆ ಸಾಲು ಚೂಪಾಗಿದ್ದರೆ ನಿಮ್ಮ 50 ಮಿ.ಮೀ. ಲೆನ್ಸಿನಿಂದಲೂ ಅದೇ ಚಿತ್ರ ತೆಗೆದು ಹೋಲಿಸಿ. ಅದರಲ್ಲೂ ತಪ್ಪಿದ್ದರೆ ಬಾಡಿಯ ರೇಂಜ್‌ಫೈಂಡರನ್ನು ಹೊಂದಿಸಬೇಕು, ವೈಡ್ ಲೆನ್ಸಿನದು ತಪ್ಪಲ್ಲ. ಅದು ಸರಿಯಾಗಿದ್ದು ವೈಡ್ ಮಾತ್ರ ತಪ್ಪಿದರೆ ಲೆನ್ಸಿನ ಕ್ಯಾಮ್ ಅಥವಾ ಅಡಾಪ್ಟರ್ ಕಾರಣ. ಅಡಾಪ್ಟರ್ ಬದಲಿಸಿಯೂ ಸರಿಯಾಗದಿದ್ದರೆ ಲೆನ್ಸನ್ನು ಹಿಂದಿರುಗಿಸಿ. ಈ ರೋಲನ್ನು ಕಪ್ಪುಬಿಳುಪಿನಲ್ಲೇ ತೆಗೆದು ಮನೆಯಲ್ಲೇ ಡೆವಲಪ್ ಮಾಡಿಕೊಳ್ಳಿ. ದೂರದ ಲ್ಯಾಬಿಗೆ ಕಳಿಸಿದ ಫಿಲ್ಮ್ ಮರಳಿ ಬರುವಷ್ಟರಲ್ಲಿ ಹಿಂದಿರುಗಿಸುವ ಅವಧಿ ಮುಗಿದುಹೋಗಿರುತ್ತದೆ.